ಕಿಲ್ -9 ಕೊಡುವ ಮೊದಲು ಎಸ್ ಕಾಲಂ ನೋಡಿ

ಮಾನಸಗಂಗೋತ್ರಿ ಆಸುಪಾಸಿನ ಡಿಟಿಪಿ ಅಂಗಡಿ, ಪ್ರಾಜೆಕ್ಟ್ ರಿಪೋರ್ಟುಗಳ ರಾಶಿ, ಅಷ್ಟರಲ್ಲಿ ಉಬುಂಟು ಸಿಸ್ಟಂ ಹ್ಯಾಂಗ್. ಪವರ್ ಬಟನ್ನಿಗೆ ಕೈ ಹಾಕಬೇಡಿ. ಕಂಟ್ರೋಲ್, ಆಲ್ಟ್, ಟಿ ಒಟ್ಟಿಗೆ ಒತ್ತಿ ಟರ್ಮಿನಲ್ ತೆರೆದು, ಟಾಪ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಪ್ರೊಸೆಸ್‌ಗಳ, ಅಂದರೆ ತೆರೆದಿರುವ ಪ್ರೋಗ್ರಾಂಗಳ, ಪಟ್ಟಿ ಬರುತ್ತದೆ. ದೊಡ್ಡಕ್ಷರದ ಪಿ ಒತ್ತಿದರೆ ಸಿಪಿಯು ಹೆಚ್ಚು ತಿನ್ನುವ ಪ್ರೊಸೆಸ್‌ಗಳು ಮೇಲೆ ಬರುತ್ತವೆ, ದೊಡ್ಡಕ್ಷರದ ಎಂ ಒತ್ತಿದರೆ ಮೆಮೊರಿ ತಿನ್ನುವವು. ಸಿಪಿಯು ಶೇ. 180 ಎಂದು ತೋರಿಸಿದರೆ ಗಾಬರಿ ಬೇಡ, ಅಲ್ಲಿ ಒಂದೊಂದು ಕೋರ್‌ಗೂ 100ರ ಲೆಕ್ಕ. ಮೆಮೊರಿಗೆ ವಿಐಆರ್‌ಟಿ ಕಾಲಂ ಬಿಟ್ಟು ಆರ್‌ಇಎಸ್ ಕಾಲಂ ನೋಡಿ. ರ‍್ಯಾಮ್‌ನಲ್ಲಿ ನಿಜಕ್ಕೂ ಕೂತಿರುವುದು ಅಷ್ಟೇ.

ಇನ್ನು ಎಸ್ ಕಾಲಂ, ಅಂದರೆ ಪ್ರೊಸೆಸ್ ಯಾವ ಸ್ಥಿತಿಯಲ್ಲಿದೆ ಎಂದು ಒಂದಕ್ಷರದಲ್ಲಿ ಹೇಳುವ ಕಾಲಂ. ಆರ್ ಎಂದರೆ ಓಡುತ್ತಿದೆ, ಇಲ್ಲವೇ ಸಿಪಿಯುಗಾಗಿ ಸರದಿಯಲ್ಲಿದೆ. ಎಸ್ ಎಂದರೆ ಕೆಲಸ ಬರಲೆಂದು ಮಲಗಿದೆ. ಹೆಚ್ಚಿನವು ಹೀಗೇ ಇರುತ್ತವೆ. ಟಿ ಇದ್ದರೆ ಯಾರೋ ಕಂಟ್ರೋಲ್-ಝಡ್ ಒತ್ತಿರಬಹುದು, ಅದೇ ಟರ್ಮಿನಲ್‌ನಲ್ಲಿ ಎಫ್‌ಜಿ ಕೊಟ್ಟರೆ ಮತ್ತೆ ಓಡುತ್ತದೆ.

ತಲೆನೋವು ಡಿ. ಗಿರಾಕಿ ತಂದ ಪೆನ್‌ಡ್ರೈವ್ ಕೆಟ್ಟಿದ್ದರೆ ಕಾಪಿ ಮಾಡುತ್ತಿದ್ದ ಪ್ರೊಸೆಸ್ ಡಿಸ್ಕ್‌ನ ಉತ್ತರಕ್ಕೆ ಕಾದು ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಸಿಕ್ಕಿಕೊಳ್ಳುತ್ತದೆ. ಆಗ ಕಿಲ್ -9, ಅಂದರೆ ಬಲವಂತವಾಗಿ ಮುಚ್ಚುವ ಸಿಗ್ನಲ್ (ಪ್ರೊಸೆಸ್‌ಗೆ ಕಳಿಸುವ ಸೂಚನೆ), ಕೊಟ್ಟರೂ ಸಾಯುವುದಿಲ್ಲ, ಆ ಕಾಯುವಿಕೆ ಮುಗಿಯುವ ತನಕ ಸಿಗ್ನಲ್ ಬಾಕಿ ಉಳಿಯುತ್ತದೆ. ಲಿನಕ್ಸ್ ಇಂಥವನ್ನೂ ಲೋಡ್ ಆವರೇಜ್‌ಗೆ (ಸಿಸ್ಟಂ ಮೇಲಿನ ಹೊರೆಯ ಸರಾಸರಿ) ಸೇರಿಸುತ್ತದೆ, ಅದಕ್ಕೇ ಸಿಪಿಯು ಖಾಲಿ ಇದ್ದರೂ ಲೋಡ್ ಏರಿರುತ್ತದೆ. ಸುಡೋ ಡಿಎಂಇಎಸ್‌ಜಿ ಕೊಟ್ಟು (ಸುಡೋ ಎಂದರೆ ಅಡ್ಮಿನ್ ಅಧಿಕಾರ) ಕರ್ನಲ್ ಸಂದೇಶಗಳ ಕೊನೆಯ ಸಾಲುಗಳನ್ನು ಓದಿ. ಐ/ಓ ಎರರ್ ಕಂಡರೆ ಡ್ರೈವ್ ಎಳೆದುಬಿಡಿ. ಸಾಮಾನ್ಯವಾಗಿ ಪ್ರೊಸೆಸ್ ಬಿಡುಗಡೆಯಾಗುತ್ತದೆ, ಅರ್ಧ ಬರೆದ ಫೈಲ್ ಮಾತ್ರ ನಂಬಬೇಡಿ.

ಝಡ್ ಕಂಡರೆ ಅದು ಝಾಂಬಿ: ಆಗಲೇ ಸತ್ತಿದೆ, ಪ್ರೊಸೆಸ್ ಟೇಬಲ್‌ನಲ್ಲಿ ಹೆಸರು ಉಳಿದಿದೆ, ಮೆಮೊರಿ ತಿನ್ನುವುದಿಲ್ಲ. ಒಂದೆರಡಿದ್ದರೆ ಬಿಟ್ಟುಬಿಡಿ. ಬೆಳೆಯುತ್ತಲೇ ಹೋದರೆ ತಪ್ಪು ಪೇರೆಂಟ್‌ನದು, ಅಂದರೆ ಅದನ್ನು ಹುಟ್ಟಿಸಿದ ಪ್ರೊಸೆಸ್‌ನದು, ಮಗುವಿನ ಎಕ್ಸಿಟ್ ಕೋಡ್ (ಮುಗಿದಾಗ ಬಿಡುವ ಸಂಖ್ಯೆ) ಅದು ತೆಗೆದುಕೊಂಡಿಲ್ಲ. ಪಿಎಸ್ -ಎಲ್ -ಪಿ ಜೊತೆ ಝಾಂಬಿಯ ಪಿಐಡಿ, ಅಂದರೆ ಪ್ರೊಸೆಸ್ ನಂಬರ್, ಕೊಟ್ಟು (ಎಲ್ಲ ಚಿಕ್ಕಕ್ಷರ) ಪಿಪಿಐಡಿ ಕಾಲಂನಲ್ಲಿ ಪೇರೆಂಟ್ ಯಾವುದೆಂದು ನೋಡಿ, ಅದನ್ನು ಮುಚ್ಚಿ.

ಮುಚ್ಚಲೇಬೇಕಾದಾಗ ಟಾಪ್‌ನಲ್ಲೇ ಚಿಕ್ಕಕ್ಷರದ ಕೆ ಒತ್ತಿ, ಪಿಐಡಿ ಕೊಡಿ. ಸಿಗ್ನಲ್ ಕೇಳಿದಾಗ ಬರೀ ಎಂಟರ್ ಒತ್ತಿದರೆ 15 ಹೋಗುತ್ತದೆ. ಫೈಲ್ ಉಳಿಸಿ, ಲಾಕ್ ಅಳಿಸಿ ಹೊರಡಲು ಪ್ರೋಗ್ರಾಂಗೆ ಅವಕಾಶ ಸಿಗುತ್ತದೆ. ಹತ್ತು ಸೆಕೆಂಡ್ ಕಾಯಿರಿ. ಆಗಲೂ ಜಗ್ಗದಿದ್ದರೆ 9. ಅದನ್ನು ಯಾವ ಪ್ರೋಗ್ರಾಮೂ ತಡೆಯಲಾರದು, ಉಳಿಸದ ಪುಟಗಳೂ ಹೋಗುತ್ತವೆ.

ಪಿಡಿಎಫ್ ಕನ್ವರ್ಶನ್‌ನಂಥ ಉದ್ದ ಕೆಲಸವನ್ನು ಕೊಲ್ಲುವ ಅಗತ್ಯವೇ ಇಲ್ಲ. ಟಾಪ್‌ನಲ್ಲಿ ಚಿಕ್ಕಕ್ಷರದ ಆರ್ ಒತ್ತಿ, ಪಿಐಡಿ ಕೊಟ್ಟು, ನೈಸ್ ಬೆಲೆಯನ್ನು (ಸಿಪಿಯು ಸರದಿಯ ಆದ್ಯತೆ, ಹೆಚ್ಚಾದಷ್ಟೂ ಹಿಂದೆ) 10ಕ್ಕೆ ಏರಿಸಿ, ಬೇರೆಯವಕ್ಕೆ ಸಿಪಿಯು ಮೊದಲು ಸಿಗುತ್ತದೆ. -20ರಿಂದ 19ರವರೆಗೆ ಬೆಲೆ ಕೊಡಬಹುದು. ಮತ್ತೆ ಇಳಿಸಬೇಕೆಂದರೆ ಟಾಪ್ ಅನ್ನು ಸುಡೋ ಹಾಕಿ ತೆರೆಯಬೇಕು.