ಕತ್ತಲಲ್ಲೂ ಕೈಗೆ ಸಿಗಬೇಕು: ಆಂಬುಲೆನ್ಸ್ ಸಾಮಾನು ಜೋಡಿಸುವ ಕ್ರಮ

ಆಳಂದದಿಂದ ಕಲಬುರಗಿಗೆ ನಲವತ್ತು ಕಿಲೋಮೀಟರಿಗೂ ತುಸು ಹೆಚ್ಚು ದಾರಿ. ಚಿಂಚೋಳಿ ಕಡೆಯಿಂದ ಬರುವವರಿಗೆ ಹೆಚ್ಚುಕಡಿಮೆ ಅದರ ಎರಡು ಪಟ್ಟು. ಅಷ್ಟು ದೂರ ರೋಗಿಯನ್ನು ಮಲಗಿಸಿಕೊಂಡು ಬರುವ ಗಾಡಿಯಲ್ಲಿ ಏನೇನು ಸಾಮಾನಿದೆ ಎಂಬುದನ್ನು ಸ್ಟಾಕ್ ರಿಜಿಸ್ಟರ್ ನೋಡಿದರೆ ತಿಳಿಯುತ್ತದೆ. ಬೇಕೆಂದಾಗ ಅದು ಕೈಗೆ ಸಿಗುತ್ತದೆಯೇ ಎಂಬುದನ್ನು ಮಾತ್ರ ಯಾವ ರಿಜಿಸ್ಟರಿನಲ್ಲೂ ಬರೆದಿರುವುದಿಲ್ಲ. ಒಮ್ಮೆ ನಡುರಾತ್ರಿಯಲ್ಲಿ ನಮ್ಮ ಸಂಬಂಧಿಕರ ಮಗುವನ್ನು ಕರೆತಂದ ಗಾಡಿಯಲ್ಲಿ ಮಕ್ಕಳ ಆಕ್ಸಿಜನ್ ಮಾಸ್ಕ್ ಮಡಚಿಟ್ಟ ಬೆಡ್‌ಶೀಟುಗಳ ಅಡಿಯಲ್ಲಿತ್ತು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಗಾಡಿ ಒಂದು ಊರು ದಾಟಿತ್ತು.

ರಾಜ್ಯದಲ್ಲಿ 2008ರಲ್ಲಿ ಆರಂಭವಾದ 108 ಆರೋಗ್ಯ ಕವಚದ ಗಾಡಿಗಳಿಗೆ ಸಾಮಾನಿನ ನಿಗದಿತ ಪಟ್ಟಿ ಇರುತ್ತದೆ. ಮಠಗಳು, ಸಂಘಗಳು, ನರ್ಸಿಂಗ್ ಹೋಮ್‌ಗಳು ನಡೆಸುವ ಗಾಡಿಗಳಲ್ಲಿ ಜೋಡಣೆ ಬಹುಮಟ್ಟಿಗೆ ಪೈಲಟ್ (ಅಂದರೆ ಗಾಡಿ ಓಡಿಸುವವರು) ಮತ್ತು ನರ್ಸ್ ಇಬ್ಬರ ಅಭ್ಯಾಸಕ್ಕೆ ಬಿಟ್ಟ ವಿಷಯವಾಗಿರುತ್ತದೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಮೊದಲು ಗಾಡಿ ಪೂರ್ತಿ ಖಾಲಿ ಮಾಡಿ

ಅರ್ಧ ಸಾಮಾನು ಒಳಗಿಟ್ಟುಕೊಂಡು ಜೋಡಿಸಲು ಹೊರಟರೆ ಹಳೆಯ ಅವ್ಯವಸ್ಥೆಯೇ ಹೊಸ ಡಬ್ಬಿಗಳಿಗೆ ಹೋಗಿ ಸೇರುತ್ತದೆ. ಬೇಸಿಗೆಯಾದರೆ ಬೆಳಿಗ್ಗೆ ಏಳರೊಳಗೆ, ನೆರಳಿನಲ್ಲಿ ತಾಡಪತ್ರಿ ಹಾಸಿ ಎಲ್ಲವನ್ನೂ ಹೊರಗೆ ಹರಡಿರಿ. ಅವಧಿ ಮುಗಿದದ್ದು, ಕವರ್ ಹರಿದದ್ದು, ಬ್ಯಾಟರಿ ಸೋರಿದ್ದು ಒಂದು ಕಡೆಗೆ. ಯಾರಿಗೂ ಬಳಸಲು ಬಾರದ ಉಪಕರಣ ಇನ್ನೊಂದು ಕಡೆಗೆ. ಎರಡನೆಯ ಗುಡ್ಡೆಯ ವಿಚಾರದಲ್ಲಿ ಸಂಕೋಚ ಬೇಡ. ದೇಶದ ವಾಹನೋದ್ಯಮ ಮಾನದಂಡವಾದ ಎಐಎಸ್-125 ಆಂಬುಲೆನ್ಸುಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದು, ಅವುಗಳಲ್ಲಿ ಸಿ ಪ್ರಾಥಮಿಕ ಜೀವರಕ್ಷಕ ವಾಹನ, ಡಿ ಉನ್ನತ ಜೀವರಕ್ಷಕ ವಾಹನ. ಸಿ ಬಗೆಯ ಗಾಡಿಯಲ್ಲಿ ಡಿ ಬಗೆಯ ಉಪಕರಣ ತುಂಬಿದ ಮಾತ್ರಕ್ಕೆ ಅದನ್ನು ಬಳಸಬಲ್ಲವರು ಸೀಟಿನಲ್ಲಿ ಬಂದು ಕೂರುವುದಿಲ್ಲ; ಉಪಯುಕ್ತ ಸಾಮಾನಿನ ಜಾಗ ಹೋಗುತ್ತದೆ, ಅಷ್ಟೇ.

ಕುಳಿತಲ್ಲಿಂದಲೇ ಅಳತೆ ತೆಗೆದುಕೊಳ್ಳಿ

ಗಾಡಿ ಖಾಲಿಯಾದ ಮೇಲೆ ರೋಗಿಯ ತಲೆಯ ಬಳಿ ಇರುವ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕುಳಿತುಕೊಳ್ಳಿ. ಏಳದೆ ಕೈ ಚಾಚಿದರೆ ಎಲ್ಲಿಯವರೆಗೆ ಮುಟ್ಟಬಹುದು ಎಂಬುದನ್ನು ಸೀಮೆಸುಣ್ಣದಿಂದ ಗುರುತು ಹಾಕಿರಿ. ಆ ಗೆರೆಯೊಳಗೆ ಉಸಿರಿಗೆ ಸಂಬಂಧಿಸಿದ ವಸ್ತುಗಳು ಮಾತ್ರ ಇರಬೇಕು: ಗಂಟಲಿನ ವಾಂತಿ, ಕಫ ಎಳೆದು ತೆಗೆಯುವ ಸಕ್ಷನ್ ಮಷೀನ್ ಮತ್ತು ಅದರ ನಳಿಕೆ, ಕೈಯಿಂದ ಒತ್ತಿ ಉಸಿರು ಕೊಡುವ ದೊಡ್ಡವರ ಹಾಗೂ ಮಕ್ಕಳ ಅಂಬು ಬ್ಯಾಗ್, ಎಲ್ಲ ಅಳತೆಯ ಮಾಸ್ಕ್, ಆಕ್ಸಿಜನ್ನಿನ ಫ್ಲೋ ಮೀಟರ್, ಗ್ಲೌಸ್. ವಾಂತಿ ಗಂಟಲಿಗೆ ಅಡ್ಡ ಬಂದಾಗ ಬೆಲ್ಟ್ ಬಿಚ್ಚಿ ಎದ್ದು ಹಿಂಬಾಗಿಲವರೆಗೆ ಹೋಗಲು ಸಮಯವಿರುವುದಿಲ್ಲ, ಓಡುವ ಗಾಡಿಯಲ್ಲಿ ಎದ್ದು ನಿಲ್ಲುವುದೂ ಅಪಾಯವೇ.

ಪಕ್ಕದ ಬೆಂಚಿನಿಂದ ಕೈಗೆಟಕುವ ಜಾಗ ರಕ್ತಸ್ರಾವ ತಡೆಯುವ ಗಾಜ್, ಬ್ಯಾಂಡೇಜ್, ರಕ್ತನಾಳಕ್ಕೆ ಹಾಕುವ ಸೂಜಿನಳಿಕೆಯಾದ ಕ್ಯಾನುಲಾ, ಐವಿ ಸೆಟ್ ಹಾಗೂ ಸಲೈನಿಗೆ. ಕ್ಯಾನುಲಾಗಳನ್ನು ಬಣ್ಣ ನೋಡಿಯೇ ಖಾನೆಗೆ ಹಾಕಿರಿ. ಬೂದು 16, ಹಸಿರು 18, ಗುಲಾಬಿ 20, ನೀಲಿ 22, ಹಳದಿ 24 ಗೇಜ್ ಆಗಿದ್ದು, ಸಂಖ್ಯೆ ಹೆಚ್ಚಿದಷ್ಟೂ ಸೂಜಿ ಸಣ್ಣದಾಗುತ್ತದೆ. ಬಳಸಿದ ಸೂಜಿ ಹಾಕುವ ಬಿಳಿ, ಚುಚ್ಚಿದರೂ ತೂತಾಗದ ಡಬ್ಬಿ ಈ ಖಾನೆಯ ಪಕ್ಕದಲ್ಲೇ ಗಟ್ಟಿಯಾಗಿ ಕಟ್ಟಿರಬೇಕು. ಅದು ಮುಕ್ಕಾಲು ತುಂಬಿದಾಗಲೇ ಬದಲಿಸಬೇಕು.

ಭಾರದ ಸಾಮಾನು ಕೆಳಗೆ, ಹಗುರವಾದದ್ದು ಮೇಲೆ. ಯಾವುದನ್ನೂ ಸುಮ್ಮನೆ ಇಟ್ಟು ಬಿಡಬೇಡಿ. ಪೈಲಟ್ ಜೋರಾಗಿ ಬ್ರೇಕ್ ಹಾಕಿದಾಗ ಕಟ್ಟದ ಮಾನಿಟರ್ ನೇರವಾಗಿ ಮುಂದಕ್ಕೆ ಹಾರುತ್ತದೆ, ಮುಂದೆ ಇರುವುದು ರೋಗಿಯ ತಲೆ. ಗಾಯಾಳುವನ್ನು ಅಲುಗದಂತೆ ಮಲಗಿಸುವ ಸ್ಪೈನ್ ಬೋರ್ಡ್, ಮುರಿದ ಮೂಳೆಗೆ ಕಟ್ಟುವ ಸ್ಪ್ಲಿಂಟ್, ಕುತ್ತಿಗೆಯ ಕಾಲರ್‌ಗಳನ್ನು ಹೊರಗಿನಿಂದಲೂ ತೆಗೆಯಲು ಬರುವಂತೆ ಎಡಬದಿಯಲ್ಲಿ ಅಥವಾ ಹಿಂಬಾಗಿಲ ಬಳಿ ಇಡುವುದು ಒಳ್ಳೆಯದು. ಹುಮನಾಬಾದ್‌ನಿಂದ ಕಲಬುರಗಿ ಮೂಲಕ ಜೇವರ್ಗಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿ ಅಪಘಾತವಾದಾಗ ಬಲಬದಿಯ ಬಾಗಿಲು ತೆರೆದು ನಿಂತವರ ಬೆನ್ನ ಹಿಂದೆಯೇ ಲಾರಿಗಳು ಓಡುತ್ತಿರುತ್ತವೆ.

ಹೆರಿಗೆ ಚೀಲ: ಬಳಕೆಯ ಕ್ರಮವೇ ಜೋಡಣೆಯ ಕ್ರಮ

ಓಣಿಯೊಳಗೆ ಗಾಡಿ ಹೋಗದ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ಎರೆ ಮಣ್ಣಿನ ಹೊಲದ ದಾರಿಯಂತೂ ಗಾಲಿಯನ್ನೇ ಹಿಡಿದು ಬಿಡುತ್ತದೆ. ಆದ್ದರಿಂದ ಹೊತ್ತುಕೊಂಡು ನಡೆಯಬಹುದಾದ ಚೀಲಗಳು ಬೇಕು. ಉಸಿರಿಗೊಂದು, ಗಾಯಕ್ಕೊಂದು, ಹೆರಿಗೆಗೊಂದು ಎಂದು ಬೇರೆಬೇರೆ ಬಣ್ಣದವು ಮೂರಿದ್ದರೆ ಸಾಕು.

ಹೆರಿಗೆ ಚೀಲವನ್ನು ಕೆಳಗಿನಿಂದ ತುಂಬಬೇಕು, ಅಂದರೆ ಕೊನೆಗೆ ಬೇಕಾಗುವುದು ತಳದಲ್ಲಿರಬೇಕು. ತಳದಲ್ಲಿ ಮಾಸು ಹಾಕಲು ದಪ್ಪ ಪ್ಲಾಸ್ಟಿಕ್ ಚೀಲ, ಅದರ ಮೇಲೆ ದೊಡ್ಡ ಪ್ಯಾಡುಗಳು, ಮಗುವಿನ ಟೋಪಿ ಮತ್ತು ಹೊದಿಕೆ. ಅವುಗಳ ಮೇಲೆ ಹೊಕ್ಕುಳಬಳ್ಳಿಯ ಎರಡು ಕ್ಲ್ಯಾಂಪ್ ಹಾಗೂ ಪೊಟ್ಟಣ ಒಡೆಯದ ಬ್ಲೇಡ್. ನಂತರ ಮಗುವಿನ ಬಾಯಿಯ ಲೋಳೆ ಎಳೆಯುವ ಮ್ಯೂಕಸ್ ಸಕ್ಕರ್, ಅದರ ಮೇಲೆ ಒಣಗಿದ, ಶುಭ್ರವಾದ ಎರಡು ಟವೆಲ್. ಎಲ್ಲಕ್ಕಿಂತ ಮೇಲೆ ತಾಯಿಯ ಕೆಳಗೆ ಹಾಸುವ ಹಾಳೆ ಮತ್ತು ಗ್ಲೌಸ್. ಸಕ್ಕರ್ ಟವೆಲ್ಲಿನ ಕೆಳಗಿರುವುದು ಮರೆವಿನಿಂದಲ್ಲ. ಮಗು ಹುಟ್ಟಿದೊಡನೆ ಮೊದಲು ಚೆನ್ನಾಗಿ ಒರೆಸಿ ತಾಯಿಯ ಹೊಟ್ಟೆಯ ಮೇಲೆ ಮಲಗಿಸಬೇಕು. ಅತ್ತು ಉಸಿರಾಡುವ ಮಗುವಿನ ಬಾಯಿಗೆ ಸಕ್ಕರ್ ಹಾಕುವ ಅಗತ್ಯವೇ ಇರುವುದಿಲ್ಲ. ಕೈಗೆ ಮೊದಲು ಸಿಕ್ಕಿದ್ದನ್ನೇ ಮೊದಲು ಬಳಸುವುದು ಮನುಷ್ಯ ಸಹಜ, ಆದ್ದರಿಂದ ಟವೆಲ್ಲೇ ಮೊದಲು ಸಿಗಲಿ.

ಚೀಲ ತುಂಬಿದ ಮೇಲೆ ಜಿಪ್ಪಿನ ಎರಡು ತುದಿಗಳಿಗೆ ಸಂಖ್ಯೆಯಿರುವ ಪ್ಲಾಸ್ಟಿಕ್ ಸೀಲ್ ಹಾಕಿ, ಒಳಗಿನ ವಸ್ತುಗಳಲ್ಲಿ ಎಲ್ಲಕ್ಕಿಂತ ಮೊದಲು ಅವಧಿ ಮುಗಿಯುವುದರ ದಿನಾಂಕವನ್ನು ಹೊರಗೆ ಬರೆದು ಅಂಟಿಸಿರಿ. ಸೀಲ್ ಗಟ್ಟಿಯಾಗಿದ್ದು, ದಿನಾಂಕ ಮೀರದಿದ್ದರೆ ಪಾಳಿ ಬದಲಾದಾಗ ಚೀಲವನ್ನು ಬಿಚ್ಚಿ ಎಣಿಸುವ ಕೆಲಸ ತಪ್ಪುತ್ತದೆ.

ನಮ್ಮ ಬಿಸಿಲಿಗೆ ತಕ್ಕಂತೆ ಔಷಧ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ತಾಪಮಾನ 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಬಿಸಿಲಲ್ಲಿ ಬಾಗಿಲು ಹಾಕಿ ನಿಲ್ಲಿಸಿದ ಗಾಡಿಯ ಒಳಗೆ ಶಾಖ ಅದಕ್ಕಿಂತಲೂ ಹೆಚ್ಚಿರುತ್ತದೆ. ಹಲವು ಔಷಧಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕೆಳಗಿಡಿ ಎಂದೇ ಮುದ್ರಿಸಿರುತ್ತಾರೆ. ಗ್ಲೂಕೋಮೀಟರಿನ ಪಟ್ಟಿಗಳೂ ಬಿಸಿಗೆ ಕೆಟ್ಟು ತಪ್ಪು ಅಂಕಿ ತೋರಿಸುತ್ತವೆ. ಔಷಧಗಳನ್ನೆಲ್ಲ ಬೀರುವಿನ ಖಾನೆಗಳಲ್ಲಿ ಹಂಚದೆ ಒಂದೇ ಪೆಟ್ಟಿಗೆಯಲ್ಲಿಡಿ. ಕರೆ ಇಲ್ಲದ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಕೋಣೆಯೊಳಗೆ ಇಟ್ಟು ಬೀಗ ಹಾಕಿ, ಹೊರಡುವಾಗ ಗಾಡಿಗೆ ತರುವ ಜವಾಬ್ದಾರಿ ಯಾರದೆಂದು ಪಾಳಿಯ ಆರಂಭದಲ್ಲೇ ಗೊತ್ತು ಮಾಡಿರಿ. ಮರೆತು ಹೋಗುವ ಭಯವಿದ್ದರೆ ಗಾಡಿಯ ಕೀಲಿಯನ್ನು ಆ ಪೆಟ್ಟಿಗೆಯ ಮೇಲೆಯೇ ಇಡುವ ರೂಢಿ ಮಾಡಿಕೊಳ್ಳಬಹುದು.

ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಲಸಿಕೆ ಒಯ್ಯುವ ಬಗೆಯ ಸಣ್ಣ ಕ್ಯಾರಿಯರ್ ಇದಕ್ಕೆ ಸಾಕಾಗುತ್ತದೆ, ಆದರೆ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಔಷಧಕ್ಕೆ ನೇರವಾಗಿ ತಾಗಬಾರದು. ನಡುವೆ ಬಟ್ಟೆ ಇರಲಿ. ಅಡ್ರಿನಲಿನ್ ಮತ್ತು ಅಟ್ರೋಪಿನ್ ಎಂಬ ತುರ್ತು ಚುಚ್ಚುಮದ್ದುಗಳು ಎರಡೂ ಪುಟ್ಟ ಗಾಜಿನ ಆಂಪ್ಯೂಲ್‌ಗಳಾಗಿದ್ದು, ಮಬ್ಬು ಬೆಳಕಿನಲ್ಲಿ ಅಣ್ಣತಮ್ಮಂದಿರಂತೆ ಕಾಣುವುದರಿಂದ ಅವುಗಳನ್ನು ಪೆಟ್ಟಿಗೆಯ ಎದುರುಬದುರು ಮೂಲೆಗಳಲ್ಲಿ, ಕನ್ನಡದಲ್ಲಿ ದೊಡ್ಡದಾಗಿ ಹೆಸರು ಬರೆದು ಇಡಿ. ಹೊಸ ಸ್ಟಾಕ್ ಬಂದಾಗ ಬೇಗ ಅವಧಿ ಮುಗಿಯುವುದು ಮುಂದೆ, ಉಳಿದದ್ದು ಹಿಂದೆ.

ಆಕ್ಸಿಜನ್ ಲೆಕ್ಕ

ಆಕ್ಸಿಜನ್ ಸಿಲಿಂಡರ್ ಕಪ್ಪು, ಅದರ ಭುಜ ಬಿಳಿ. ‘ತುಂಬಿದೆ’ ಎಂಬ ಬಾಯಿಮಾತು ಸಾಲದು, ಲೆಕ್ಕ ಬೇಕು. ಸಿಲಿಂಡರಿನ ನೀರಿನ ಅಳತೆಯನ್ನು (ಅದರಲ್ಲಿ ಎಷ್ಟು ಲೀಟರ್ ನೀರು ಹಿಡಿಯುತ್ತದೆ ಎಂಬುದನ್ನು) ಗೇಜ್ ತೋರಿಸುವ ಬಾರ್ ಒತ್ತಡದಿಂದ ಗುಣಿಸಿದರೆ ಒಳಗಿರುವ ಆಕ್ಸಿಜನ್ ಎಷ್ಟು ಲೀಟರ್ ಎಂದು ಸುಮಾರಾಗಿ ತಿಳಿಯುತ್ತದೆ. 10 ಲೀಟರ್ ಅಳತೆಯ ಸಿಲಿಂಡರಿನಲ್ಲಿ 150 ಬಾರ್ ಇದ್ದರೆ 1500 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಬಿಟ್ಟರೆ ಎರಡೂವರೆ ತಾಸು. ಅದೇ ಗೇಜ್ 60 ಬಾರ್ ತೋರಿಸಿದರೆ ಒಂದೇ ತಾಸು, ಅದರಲ್ಲೂ ಕೊನೆಯ ಭಾಗವನ್ನು ನಂಬುವಂತಿಲ್ಲ. ಚಿಂಚೋಳಿಯಿಂದ ಹೊರಡುವವರು ಅದನ್ನು ಬದಲಿಸಿಯೇ ಹೊರಡಬೇಕು. ವಾಲ್ವ್ ಬಿಗಿಯಾಗಿದೆಯೆಂದು ಎಣ್ಣೆ, ಗ್ರೀಸ್ ಹಚ್ಚಬೇಡಿ, ಆಕ್ಸಿಜನ್ನಿನ ಒತ್ತಡದಲ್ಲಿ ಅದು ತಾನೇ ಹೊತ್ತಿಕೊಳ್ಳಬಹುದು.

ಅಗ್ನಿಶಾಮಕ ವಾಹನದಲ್ಲಿ

ಅಗ್ನಿಶಾಮಕ ವಾಹನದಲ್ಲೂ ಪ್ರಥಮ ಚಿಕಿತ್ಸೆಯ ಸಾಮಾನು ಜೋಡಿಸಬೇಕಾಗುತ್ತದೆ, ಆದರೆ ಅಲ್ಲಿನ ಲೆಕ್ಕವೇ ಬೇರೆ. ನೀರು, ಡೀಸೆಲ್, ಪಂಪಿನ ಶಾಖ, ಅದುರುವಿಕೆ ಇವೆಲ್ಲದರ ನಡುವೆ ಗಾಜ್ ಒಣಗಿರಬೇಕು. ಪ್ರಥಮ ಚಿಕಿತ್ಸೆಯ ಸಾಮಾನನ್ನು ಪಂಪ್ ಹಾಗೂ ಸೈಲೆನ್ಸರಿನಿಂದ ದೂರ, ಸಿಬ್ಬಂದಿ ಕೂರುವ ಕ್ಯಾಬಿನ್ನಿನಲ್ಲಿ, ರಬ್ಬರ್ ಅಂಚಿನ ಮುಚ್ಚಳವಿರುವ ಪೆಟ್ಟಿಗೆಯಲ್ಲಿಡಿ. ಕಬ್ಬಿಣ ಕತ್ತರಿಸುವ ಹೈಡ್ರಾಲಿಕ್ ಕಟ್ಟರ್ ಇರುವ ಖಾನೆಗೆ ಅದನ್ನು ತುರುಕಿದರೆ ಎಣ್ಣೆ ಮೆತ್ತಿದ ಬ್ಯಾಂಡೇಜೇ ಕೈಗೆ ಬರುತ್ತದೆ. ಸುಟ್ಟ ಗಾಯಕ್ಕೆ ಮೊದಲ ಔಷಧ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಟ್ಯಾಂಕಿನಲ್ಲಿ ಎಷ್ಟೇ ನೀರಿದ್ದರೂ ಅದು ಎಲ್ಲಿಂದ ತುಂಬಿದ್ದೋ ತಿಳಿಯದು, ಆದ್ದರಿಂದ ಗಾಯಕ್ಕೆಂದೇ ಶುದ್ಧ ನೀರಿನ ಕ್ಯಾನ್ ಬೇರೆ ಇರಲಿ, ಜೊತೆಗೆ ಶುಭ್ರವಾದ ಹಾಳೆಗಳೂ ಇರಲಿ. ಓಆರ್‌ಎಸ್ ಪೊಟ್ಟಣಗಳು ಸಿಬ್ಬಂದಿಗೇ ಬೇಕಾಗುತ್ತವೆ. ಹೊಗೆಯೊಳಗೆ ಹೋಗುವವರು ಬೆನ್ನಿಗೆ ಕಟ್ಟುವ ಬಿಎ ಸೆಟ್ಟಿನ (ಉಸಿರಾಟದ ಉಪಕರಣದ) ಸಿಲಿಂಡರಿನಲ್ಲಿ ಇರುವುದು ಒತ್ತಿದ ಗಾಳಿ, ಆಕ್ಸಿಜನ್ ಅಲ್ಲ. ಎರಡನ್ನೂ ಒಂದೇ ಖಾನೆಯಲ್ಲಿ ಇಡಬಾರದು.

ಕತ್ತಲೆಯ ಪರೀಕ್ಷೆ

ಜೋಡಣೆ ಮುಗಿದ ದಿನ ರಾತ್ರಿ ಗಾಡಿಯ ದೀಪ ಆರಿಸಿ ನರ್ಸ್ ಸೀಟಿನಲ್ಲಿ ಕೂರಲಿ. ಪೈಲಟ್ ಹೊರಗೆ ನಿಂತು ಒಂದೊಂದೇ ಹೆಸರು ಕೂಗಲಿ: ಮಕ್ಕಳ ಮಾಸ್ಕ್, ಸಕ್ಷನ್ ನಳಿಕೆ, ಹಸಿರು ಕ್ಯಾನುಲಾ, ಹೆರಿಗೆ ಚೀಲ. ಹತ್ತು ಎಣಿಸುವುದರೊಳಗೆ ಸಿಗದ ವಸ್ತುವಿನ ಹೆಸರನ್ನು ಬರೆದುಕೊಳ್ಳಿ. ಆಮೇಲೆ ಇಬ್ಬರೂ ಜಾಗ ಬದಲಿಸಿ ಮತ್ತೊಮ್ಮೆ ಮಾಡಿರಿ, ಏಕೆಂದರೆ ಒಳಗಿನಿಂದ ‘ಅದನ್ನು ಕೊಡಪ್ಪ’ ಎಂದಾಗ ಹಿಂಬಾಗಿಲಲ್ಲಿ ನಿಂತು ಹುಡುಕುವವರು ಪೈಲಟ್ಟೇ. ಇಬ್ಬರ ಪಟ್ಟಿಯಲ್ಲೂ ಬಂದ ವಸ್ತುವಿನ ಜಾಗವನ್ನು ಮರುದಿನ ಬೆಳಿಗ್ಗೆ ಬದಲಿಸಿ, ಹೊಸ ಜಾಗವನ್ನು ಬೀರುವಿನ ಬಾಗಿಲಿಗೆ ಅಂಟಿಸಿದ ನಕ್ಷೆಯಲ್ಲಿ ತಿದ್ದಿ, ಇನ್ನೊಂದು ಪಾಳಿಯವರಿಂದ ಅದರ ಮೇಲೆ ಸಹಿ ಹಾಕಿಸಿಕೊಳ್ಳಿ.