ಮೂತ್ರಕೋಶಕ್ಕೆ ಬಿಸಿಜಿ ಹಾಕುವಾಗ

ಹಸುಗೂಸಿನ ತೋಳಿಗೆ ಚುಚ್ಚುವ ಕ್ಷಯದ ಲಸಿಕೆ ಬಿಸಿಜಿ ಮೂತ್ರಕೋಶದ ಕ್ಯಾನ್ಸರ್‌ಗೂ ಔಷಧ ಎಂದರೆ ರೋಗಿಯ ಕಡೆಯವರು ಸುಲಭಕ್ಕೆ ನಂಬುವುದಿಲ್ಲ. ಬ್ಯಾಕ್ಟೀರಿಯಾ ಅದೇ, ಪ್ರಮಾಣ ಮಾತ್ರ ಬಹಳ ಹೆಚ್ಚು. 1976ರಲ್ಲಿ ಕೆನಡಾದ ಮೂತ್ರರೋಗ ತಜ್ಞ ಅಲ್ವಾರೊ ಮೊರಾಲೆಸ್ ಒಂಬತ್ತು ರೋಗಿಗಳ ಫಲಿತಾಂಶ ಪ್ರಕಟಿಸಿದರು: ವಾರಕ್ಕೊಮ್ಮೆ 120 ಮಿ.ಗ್ರಾಂ, ಆರು ವಾರ. ಆರೇ ಯಾಕೆಂದರೆ ಲಸಿಕೆ ಆರು ವಯಲ್‌ಗಳ ಪ್ಯಾಕ್‌ನಲ್ಲಿ ಬರುತ್ತಿತ್ತು! ಇವತ್ತಿಗೂ ಮೊದಲ ಸುತ್ತು ಆರು ವಾರವೇ. ನಂತರದ ಮೂರು ಮೂರು ವಾರದ ಸುತ್ತುಗಳು (3, 6, 12, 18, 24, 30, 36ನೇ ತಿಂಗಳು) ಅಮೆರಿಕದ ಮೂತ್ರರೋಗ ತಜ್ಞ ಡೊನಾಲ್ಡ್ ಲ್ಯಾಮ್ ಅವರ 2000ರ ವರದಿಯಿಂದ ಬಂದವು. ಪೂರ್ತಿ ಮುಗಿಸುವವರು ಕಡಿಮೆ; ಉರಿ ತಾಳಲಾರದೆ ನಡುವೆಯೇ ಬಿಡುತ್ತಾರೆ.

ಗಡ್ಡೆ ಕೆರೆದು ತೆಗೆದ ಮೇಲೆ ಕನಿಷ್ಠ ಎರಡು ವಾರ ನಾನು ಬಿಸಿಜಿ ಮುಟ್ಟುವುದಿಲ್ಲ. ಗಾಯ ಹಸಿಯಿದ್ದರೆ ಜೀವಂತ ಬ್ಯಾಕ್ಟೀರಿಯಾ ನೇರ ರಕ್ತಕ್ಕೆ ಸೇರುತ್ತದೆ. ಮೂತ್ರದಲ್ಲಿ ಕಣ್ಣಿಗೆ ಕಾಣುವಷ್ಟು ರಕ್ತ ಇದ್ದರೆ, ಜ್ವರ ಇದ್ದರೆ, ಮೂತ್ರದ ಸೋಂಕಿನ ಲಕ್ಷಣ ಇದ್ದರೆ ಆ ದಿನ ವಾಪಸ್ ಕಳಿಸುವುದೇ.

ಬಿಸಿಜಿ ಹಾಕುವ ನಾಲ್ಕು ಗಂಟೆ ಮೊದಲಿಂದ ನೀರು, ಕಾಫಿ ಕಡಿಮೆ. ಪುಡಿಯನ್ನು 50 ಮಿ.ಲೀ. ಸಲೈನ್‌ನಲ್ಲಿ ಕದಡಿ, ಬೆಳಕು ತಾಗದಂತೆ ಇಟ್ಟು, ಎರಡು ಗಂಟೆಯೊಳಗೆ ಹಾಕಬೇಕು. ಡೋಸ್ ಕಂಪನಿಯಿಂದ ಕಂಪನಿಗೆ ಬೇರೆ, ಲೇಬಲ್ ಓದದೆ ಬೆರೆಸಬೇಡಿ. ಕೀಮೋ ಅಥವಾ ಐವಿ ಔಷಧ ತಯಾರಿಸುವ ಟೇಬಲ್ಲಿನ ಮೇಲಂತೂ ಬೇಡವೇ ಬೇಡ.

ಇಡೀ ಕೆಲಸದಲ್ಲಿ ಅಪಾಯ ಇರುವುದು ಕ್ಯಾತಿಟರ್‌ನಲ್ಲಿ, ಅಂದರೆ ಮೂತ್ರಕೋಶಕ್ಕೆ ಔಷಧ ಇಳಿಸುವ ನಳಿಕೆಯಲ್ಲಿ. 10 ಅಥವಾ 12 ಫ್ರೆಂಚ್‌ನ (ಇದು ನಳಿಕೆಯ ದಪ್ಪದ ಅಳತೆ) ಮೆತ್ತಗಿನದು ಸಾಕು. ಜೆಲ್ ತೆಳ್ಳಗೆ ಸವರಿ. ಒಳಗೆ ಹೆಚ್ಚು ಹೋದರೆ ಬಿಸಿಜಿ ಗಂಟುಕಟ್ಟುತ್ತದೆ. ಮೂತ್ರ ಪೂರ್ತಿ ಖಾಲಿ ಮಾಡಿ, ಸಿರಿಂಜಿನ ಪಿಸ್ಟನ್ ತೆಗೆದು ತಾನಾಗಿಯೇ ಇಳಿಯಲು ಬಿಡಿ, ಒತ್ತಿ ತುಂಬಬೇಡಿ. ಕ್ಯಾತಿಟರ್ ತುದಿಯಲ್ಲಿ ರಕ್ತ ಕಂಡಿತೋ, ಬೆರೆಸಿದ ವಯಲ್ ಎಷ್ಟೇ ದುಬಾರಿಯಾಗಿರಲಿ, ಚೆಲ್ಲಿ. "ಇಷ್ಟು ದುಡ್ಡು ಕೊಟ್ಟಿದ್ದೀವಲ್ಲ ಡಾಕ್ಟ್ರೇ" ಎಂಬ ಮಾತಿಗೆ ಇಲ್ಲಿ ಕರಗಬಾರದು.

ಎರಡು ಗಂಟೆ ಮೂತ್ರ ತಡೆಹಿಡಿಯಬೇಕು. ಹದಿನೈದು ನಿಮಿಷಕ್ಕೊಮ್ಮೆ ಮಗ್ಗಲು ಬದಲಿಸುವ ಹಳೆಯ ಪದ್ಧತಿಯಿಂದ ಲಾಭವಿಲ್ಲ, ನಾನು ಹೇಳುವುದನ್ನು ಬಿಟ್ಟಿದ್ದೇನೆ. ಮುಂದಿನ ಆರು ಗಂಟೆ ಗಂಡಸರೂ ಕೂತೇ ಮೂತ್ರ ಮಾಡಿ, ಬ್ಲೀಚಿಂಗ್ ದ್ರಾವಣ ಸುರಿದು, ಕಾಲು ಗಂಟೆ ಬಿಟ್ಟು ಫ್ಲಶ್ ಮಾಡಲಿ.

ಒಂದೆರಡು ದಿನದ ಉರಿ, ಮೈಕೈ ನೋವು, ಸಣ್ಣ ಜ್ವರ ಸಾಮಾನ್ಯ. 38.5 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ 48 ಗಂಟೆಯಾದರೂ ಇಳಿಯದಿದ್ದರೆ ಅಡ್ಮಿಟ್ ಮಾಡಿ ಐಸೋನಿಯಾಜಿಡ್, ರಿಫಾಂಪಿಸಿನ್, ಎಥಾಂಬುಟಾಲ್ ಶುರುಮಾಡುತ್ತೇನೆ. ಕ್ಷಯದ ಕಿಟ್‌ನಲ್ಲಿರುವ ನಾಲ್ಕನೆಯದು, ಪೈರಜಿನಮೈಡ್, ಇಲ್ಲಿ ದಂಡ: ಬಿಸಿಜಿ ಬಂದಿರುವುದು ದನದ ಕ್ಷಯದ ಬ್ಯಾಕ್ಟೀರಿಯಾದಿಂದ, ಅದಕ್ಕೆ ಈ ಔಷಧ ನಾಟುವುದೇ ಇಲ್ಲ.