ಮೊದಲು ಓರೆ ಮಾಡಿ, ಆಮೇಲೆ ದಪ್ಪ ಮಾಡಿ

ಪೋಸ್ಟರ್‌ಗೆ ದಪ್ಪ, ದುಂಡು, ಓರೆ ಅಕ್ಷರ ಬೇಕು. ಹೆಚ್ಚಿನವರು ಏನು ಮಾಡುತ್ತಾರೆ? ದಪ್ಪ ಫಾಂಟ್ ಒಂದನ್ನು ಆರಿಸಿ ಸುಮ್ನೆ ಇಟಾಲಿಕ್ ಬಟನ್ ಒತ್ತುತ್ತಾರೆ.

ಹೀಗೆ ಓರೆಯಾದ ಒಂದು ‘ಠ’ವನ್ನು ಸ್ಕ್ರೀನ್ ತುಂಬ ಹಿಗ್ಗಿಸಿ ನೋಡಿ. ದುಂಡಗಿದ್ದ ಉಂಗುರ ಮೊಟ್ಟೆಯಾಗಿರುತ್ತದೆ. ಮೇಲೆ ಬಲಗಡೆ, ಕೆಳಗೆ ಎಡಗಡೆ ಗೆರೆ ಊದಿಕೊಂಡಿರುತ್ತದೆ. ಉಳಿದೆರಡು ಕಡೆ ಸೊರಗಿರುತ್ತದೆ. ನಡುವಿನ ಚುಕ್ಕೆಯೂ ಸೊಟ್ಟ.

ಅದಕ್ಕೇ ಕೆಲಸವನ್ನು ಹಿಂದುಮುಂದು ಮಾಡಬೇಕು. ಇಂಕ್‌ಸ್ಕೇಪ್‌ನಂಥ, ಚಿತ್ರ ಬಿಡಿಸುವ ಉಚಿತ ಸಾಫ್ಟ್‌ವೇರ್ ಸಾಕು. ಮೊದಲು ತೆಳು ಗೆರೆಯಲ್ಲಿ ಅಕ್ಷರದ ಎಲುಬು ಮಾತ್ರ ಬರೆಯಿರಿ. ಅದನ್ನು 8ರಿಂದ 12 ಡಿಗ್ರಿ ಬಲಕ್ಕೆ ವಾಲಿಸಿ. ನನಗೆ 10 ಇಷ್ಟ. 700 ಯೂನಿಟ್ ಎತ್ತರದ ಅಕ್ಷರದ ನೆತ್ತಿ ಆಗ ಸುಮಾರು 123 ಯೂನಿಟ್ ಸರಿಯುತ್ತದೆ. ಜಾಸ್ತಿ ವಾಲಿಸಿದರೆ ಓಡುವ ಅಕ್ಷರ ಮುಗ್ಗರಿಸಿದಂತೆ ಕಾಣುತ್ತದೆ.

ಈಗ ಗೆರೆಗೆ 140 ಯೂನಿಟ್ ದಪ್ಪ ಕೊಡಿ, ತುದಿಗೆ ‘ರೌಂಡ್ ಕ್ಯಾಪ್’ ಆರಿಸಿ. ತುದಿಗಳೆಲ್ಲ ಸರಿಯಾದ ಅರ್ಧಚಂದ್ರವಾಗುತ್ತವೆ, ಗೆರೆಯ ದಪ್ಪವೂ ಎಲ್ಲ ಕಡೆ ಒಂದೇ.

ಒಂದೇ ಆದರೂ ಕಣ್ಣಿಗೆ ಹಾಗೆ ಕಾಣುವುದಿಲ್ಲ, ಅಲ್ವಾ? ಅಡ್ಡಗೆರೆ ಯಾವಾಗಲೂ ಉದ್ದಗೆರೆಗಿಂತ ದಪ್ಪ ಅನಿಸುತ್ತದೆ. ಆದ್ದರಿಂದ ಗೆರೆಯನ್ನು ಔಟ್‌ಲೈನ್ ಮಾಡಿಕೊಂಡು, ಅಂದರೆ ಅಂಚು ತಿದ್ದಬಹುದಾದ ಆಕಾರವಾಗಿಸಿಕೊಂಡು, ತಲೆಕಟ್ಟನ್ನು ತುಸು ಸವರಿ. ಎರಡು ಗೆರೆ ಕೂಡುವ ಕಡೆಯೂ ಅಷ್ಟೇ, ಇಲ್ಲದಿದ್ದರೆ ಅಲ್ಲಿ ಕಪ್ಪು ಗಂಟು ಕಟ್ಟುತ್ತದೆ.

ಕನ್ನಡದಲ್ಲಿ ನಿಜವಾದ ಕಷ್ಟ ಹೊಟ್ಟೆ ಸೀಳುವ ಅಕ್ಷರಗಳದ್ದು. ಗೆರೆ ದಪ್ಪವಾದಷ್ಟೂ ‘ಧ’ದ ಕೆಳಗಿನ ಪುಟ್ಟ ಗೀಟು ಒಡಲಲ್ಲೇ ಕರಗಿ, ‘ಧನ’ ಹೋಗಿ ‘ದನ’ ಬರುತ್ತದೆ. ಆ ಗೀಟನ್ನು ತೆಳ್ಳಗೆ ಮಾಡಿ, ಕೆಳಕ್ಕೆ ಎಳೆಯಿರಿ. ಒತ್ತಕ್ಷರಗಳನ್ನೂ ತೆಳ್ಳಗೆ ಬರೆಯಬೇಕು. ‘ಲಕ್ಷ್ಮಿ’, ‘ಸ್ತ್ರೀ’ ಬರೆದು ನೋಡಿದರೆ ಹುಳುಕೆಲ್ಲ ಹೊರಬೀಳುತ್ತದೆ.

ಬಳಸುವುದು ಎಲ್ಲಿ? ಓರೆಯಿಂದ ವೇಗ, ದುಂಡಿನಿಂದ ಸಲಿಗೆ ಬರುತ್ತದೆ. ಆಟೋಟದ ಪೋಸ್ಟರ್, ತಿಂಡಿ ಪ್ಯಾಕೆಟ್, ಮಕ್ಕಳ ಪುಸ್ತಕದ ಮುಖಪುಟ, ಲೋಗೊ ಇದರ ಜಾಗ. ಎರಡು ಮೂರು ಪದ ಸಾಕು. ಶ್ರದ್ಧಾಂಜಲಿಗೆ ಖಂಡಿತ ಬೇಡ. ತಮಾಷೆಯೆಂದರೆ, ಓರೆ ಅಚ್ಚಕ್ಷರ ಬೆಳಕಿಗೆ ಬಂದಿದ್ದೇ ಪುಟ್ಟ ಪುಸ್ತಕಗಳಿಗಾಗಿ. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಟಿಯಸ್ ಇಡೀ ಪುಸ್ತಕವನ್ನೇ ಅದರಲ್ಲಿ ಅಚ್ಚು ಹಾಕಿದ್ದ. ಆದರೆ ಅವನ ಅಕ್ಷರ ತೆಳ್ಳಗಿತ್ತು. ನಮ್ಮ ಗುಂಡಣ್ಣನನ್ನು ಪ್ಯಾರಾಗೆ ಹಾಕಿದರೆ ಪುಟವೆಲ್ಲ ಮಸಿ.

ಕೊನೆಗೆ, ನಿಜವಾದ ಅಳತೆಯಲ್ಲೇ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಹತ್ತು ಹೆಜ್ಜೆ ದೂರ ಯಾರನ್ನಾದರೂ ನಿಲ್ಲಿಸಿ ಓದಿಸಿ. ‘ದನ’ ಅಂದರೋ, ಆ ಗೀಟನ್ನು ಇನ್ನೊಂದಿಷ್ಟು ಎಳೆಯಿರಿ.